ಎಂಟನೆಯ ಹೆಸರಿನವರೆಗೆ

ಪರದೇಶದಲ್ಲಿರುವ ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆಯ ಆರನೆಯ ಪುಟದಲ್ಲಿ 2025ರ ಟೋಕಿಯೋ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಫಲಿತಾಂಶಗಳಿವೆ. ಭಾರತಕ್ಕೆ ಒಂದೂ ಪದಕ ಬಂದಿಲ್ಲವಲ್ಲ, ಆ ಪುಟವನ್ನು ಗಣೇಶೋತ್ಸವದ ಚಿತ್ರಗಳಿಗೆ ಬಿಟ್ಟುಕೊಡಿ ಎಂದು ಸಂಪಾದಕ ಮಂಡಳಿಯ ಹಿರಿಯರು ಸಲಹೆ ಕೊಟ್ಟಿದ್ದರು. ಚಿತ್ರಗಳು ಚೆನ್ನಾಗಿವೆ, ಅವು ಏಳನೆಯ ಮತ್ತು ಎಂಟನೆಯ ಪುಟಗಳಲ್ಲಿವೆ. ಆರನೆಯ ಪುಟವನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಸಾಲದ್ದಕ್ಕೆ, ಆಯ್ದ ಸ್ಪರ್ಧೆಗಳಲ್ಲಿ ಮೂರು ಹೆಸರುಗಳ ಬದಲು ಎಂಟು ಹೆಸರುಗಳನ್ನು ಹಾಕಿಸಿದ್ದೇನೆ. ಅಕ್ಷರ ಸಣ್ಣದಾಯಿತು ಎಂಬ ದೂರು ಬರುವುದು ಖಂಡಿತ. ದಯವಿಟ್ಟು ಕನ್ನಡಕ ಹಾಕಿಕೊಂಡು ಓದಿ.

ಹೀಗೆ ಹಟ ಹಿಡಿಯಲು ಕಾರಣ ನನ್ನ ಸೋದರಮಾವ. ರಜೆಯಲ್ಲಿ ಊರಿಗೆ ಬಂದಿರುವ ನಾನು ಈ ಸಂಪಾದಕೀಯವನ್ನು ಕೊಡಗಿನ ಗೋಣಿಕೊಪ್ಪಲಿನ ಹತ್ತಿರವಿರುವ ಅವರ ಮನೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಸೆಪ್ಟೆಂಬರ್ ಮುಗಿಯುತ್ತಾ ಬಂದರೂ ಮಳೆಗೆ ಹೋಗುವ ಮನಸ್ಸಿಲ್ಲ. ತೋಟದಲ್ಲಿ ಕಾಫಿ ಕಾಯಿ ಇನ್ನೂ ಹಸಿರು. ಮಾವ ದೈಹಿಕ ಶಿಕ್ಷಕರಾಗಿ ನಿವೃತ್ತರಾದವರು. ಊರಿನವರಿಗೆ ಈಗಲೂ ಪಿ.ಟಿ. ಮೇಷ್ಟ್ರು. ದೊಡ್ಡ ಕ್ರೀಡಾಕೂಟ ಯಾವುದೇ ಇರಲಿ, ಉದ್ದ ರೂಲಿನ ಪುಸ್ತಕದಲ್ಲಿ ಫಲಿತಾಂಶ ಬರೆದಿಡುವುದು ಅವರ ಅಭ್ಯಾಸ. ಮೂರನೆಯ ಸ್ಥಾನಕ್ಕೆ ನಿಲ್ಲಿಸುವುದಿಲ್ಲ, ಎಂಟನೆಯವರೆಗೆ ಬರೆಯುತ್ತಾರೆ.

ಸೆಪ್ಟೆಂಬರ್ 18ರಂದು ಜಾವೆಲಿನ್ ಫೈನಲ್. ಟೋಕಿಯೋದಲ್ಲಿ ಸಂಜೆ, ಇಲ್ಲಿ ಕಾಫಿಯ ಹೊತ್ತು. ಅಕ್ಕಪಕ್ಕದ ಮನೆಯವರೂ ಟಿ.ವಿ. ಮುಂದೆ ಸೇರಿದ್ದರು. ಎಲ್ಲರೂ ಬಂದದ್ದು ನೀರಜ್ ಚೋಪ್ರಾಗಾಗಿ. 2021ರ ಆಗಸ್ಟ್ 7ರಂದು ಇದೇ ಟೋಕಿಯೋದ ಇದೇ ಕ್ರೀಡಾಂಗಣದಲ್ಲಿ 87.58 ಮೀಟರ್ ಎಸೆದು ಒಲಿಂಪಿಕ್ ಚಿನ್ನ ಗೆದ್ದವರು ಅವರು. 2022ರಲ್ಲಿ ಯೂಜೀನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ, 2023ರಲ್ಲಿ ಬುಡಾಪೆಸ್ಟ್‌ನಲ್ಲಿ ಚಿನ್ನ. ಅವಕ್ಕೂ ಮೊದಲು ಈ ಕೂಟದಲ್ಲಿ ಭಾರತಕ್ಕೆ ಸಿಕ್ಕಿದ್ದು ಒಂದೇ ಪದಕ, 2003ರ ಪ್ಯಾರಿಸ್‌ನಲ್ಲಿ ಅಂಜು ಬಾಬಿ ಜಾರ್ಜ್ ಉದ್ದ ಜಿಗಿತದಲ್ಲಿ ಪಡೆದ ಕಂಚು. ಹಾಗಾಗಿ ನಿರೀಕ್ಷೆಯೆಲ್ಲ ಒಬ್ಬರ ತೋಳಿನ ಮೇಲೆ ಕುಳಿತಿತ್ತು. ಆ ದಿನ ಅವರ ಬೆನ್ನು ಸಹಕರಿಸಲಿಲ್ಲ. 84.03 ಮೀಟರ್ ದಾಟಲಾಗದೆ, ಐದು ಎಸೆತಗಳ ನಂತರ ಎಂಟನೆಯವರಾಗಿ ಹೊರನಡೆದರು. ನಮ್ಮ ಜಗಲಿಯಲ್ಲೂ ಚಪ್ಪಲಿ ಹುಡುಕುವ ಸದ್ದು ಶುರುವಾಯಿತು.

‘ಎಲ್ಲಿಗೆ ಹೊರಟಿರಿ? ಇನ್ನೊಬ್ಬ ಹುಡುಗ ಎಸೆಯುತ್ತಿದ್ದಾನೆ, ಕುಳಿತುಕೊಳ್ಳಿ’ ಎಂದು ಮಾವ ಗದರಿದರು. ಶಾಲೆ ಬಿಟ್ಟರೂ ಸೀಟಿ ಊದುವ ಗತ್ತು ಅವರನ್ನು ಬಿಟ್ಟಿಲ್ಲ. ಹಾಗೆ ಕುಳಿತವರಲ್ಲಿ ಎಷ್ಟೋ ಮಂದಿ ಸಚಿನ್ ಯಾದವ್ ಎಂಬ ಹೆಸರನ್ನು ಕೇಳಿದ್ದು ಆಗಲೇ. ಉತ್ತರ ಪ್ರದೇಶದ ಬಾಗ್‌ಪತ್ ಕಡೆಯ ಈ ಎತ್ತರದ ಯುವಕ ಮೊದಲು ಕ್ರಿಕೆಟ್‌ನಲ್ಲಿ ವೇಗದ ಬೌಲಿಂಗ್ ಮಾಡುತ್ತಿದ್ದವರು, ಜಾವೆಲಿನ್ ಹಿಡಿದದ್ದು ತಡವಾಗಿ. ಜುಲೈನಲ್ಲಿ ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಹೆಸರಿನ ಕೂಟ ನಡೆದಾಗ ನಾಲ್ಕನೆಯವರಾಗಿದ್ದರು. ಟೋಕಿಯೋದಲ್ಲಿ ಮೊದಲ ಎಸೆತವೇ 86.27 ಮೀಟರ್, ಅವರ ಜೀವಮಾನದ ಅತ್ಯುತ್ತಮ. ಟ್ರಿನಿಡಾಡ್‌ನ ಕೆಶಾರ್ನ್ ವಾಲ್ಕಾಟ್ 88.16ರೊಂದಿಗೆ ಚಿನ್ನ ಗೆದ್ದರು, ಗ್ರೆನಾಡಾದ ಆ್ಯಂಡರ್ಸನ್ ಪೀಟರ್ಸ್ 87.38ರೊಂದಿಗೆ ಬೆಳ್ಳಿ, ಅಮೆರಿಕದ ಕರ್ಟಿಸ್ ಥಾಂಪ್ಸನ್ 86.67ರೊಂದಿಗೆ ಕಂಚು. ಸಚಿನ್ ಇಲ್ಲಿಯೂ ನಾಲ್ಕನೆಯವರು. ಕಂಚಿಗೂ ಅವರಿಗೂ ನಡುವೆ ಇದ್ದದ್ದು 40 ಸೆಂಟಿಮೀಟರ್, ಶಾಲೆಯ ಮಕ್ಕಳ ಸ್ಕೇಲನ್ನು ಎರಡು ಸಲ ಇಡುವ ಮೊದಲೇ ಮುಗಿಯುವಷ್ಟು.

ಮಾವ ಇನ್ನೊಂದು ಲೆಕ್ಕ ತೋರಿಸಿದರು. ಇದೇ ವಾಲ್ಕಾಟ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹತ್ತೊಂಬತ್ತರ ಹುಡುಗನಾಗಿ ಚಿನ್ನ ಗೆದ್ದಾಗ ಎಸೆದ ದೂರ 84.58 ಮೀಟರ್. ಈ ಸಲ ಟೋಕಿಯೋದಲ್ಲಿ ಅಷ್ಟೇ ಎಸೆದಿದ್ದರೆ ಮೊದಲ ಆರರಲ್ಲಿ ಜಾಗವಿರುತ್ತಿರಲಿಲ್ಲ. ವಾಲ್ಕಾಟ್ ಆ ಚಿನ್ನದ ನಂತರ ವಿಶ್ವ ಚಾಂಪಿಯನ್ ಆಗಲು ಹದಿಮೂರು ವರ್ಷ ಕಾದರು. ನಡುವಿನ ಆ ವರ್ಷಗಳ ಹೆಚ್ಚಿನ ಭಾಗ ಯಾವ ಪದಕ ಪಟ್ಟಿಯಲ್ಲೂ ಸಿಗುವುದಿಲ್ಲ. ಮಾವನ ಪುಸ್ತಕದಂಥ ಪುಸ್ತಕಗಳಲ್ಲಿ ಸಿಕ್ಕರೆ ಸಿಕ್ಕೀತು.

ಮೊದಲ ಎಂಟು ಸ್ಥಾನಗಳಿಗೂ ಬೆಲೆ ಕೊಡುವ ಪಟ್ಟಿಯೊಂದು ಇದೆ. ಮೊದಲನೆಯವರಿಗೆ ಎಂಟು ಅಂಕ, ಎರಡನೆಯವರಿಗೆ ಏಳು, ಹೀಗೆ ಇಳಿಯುತ್ತಾ ಎಂಟನೆಯವರಿಗೆ ಒಂದು. ಈ ಲೆಕ್ಕದಲ್ಲಿ ಭಾರತ ಟೋಕಿಯೋದಿಂದ ಬರಿಗೈಯಲ್ಲಿ ಬಂದಿಲ್ಲ. ಸಚಿನ್ ಅವರ ಐದು, ನೀರಜ್ ಅವರ ಒಂದು, ಜೊತೆಗೆ ಎತ್ತರ ಜಿಗಿತದಲ್ಲಿ 2.28 ಮೀಟರ್ ಹಾರಿ ಆರನೆಯವರಾದ ಸರ್ವೇಶ್ ಕುಶಾರೆ ಅವರ ಮೂರು, ಒಟ್ಟು ಒಂಬತ್ತು. ಕುಶಾರೆ ಈ ಕೂಟದ ಎತ್ತರ ಜಿಗಿತದಲ್ಲಿ ಫೈನಲ್ ತಲುಪಿದ ಮೊದಲ ಭಾರತೀಯ. ನಮ್ಮ ಪತ್ರಿಕೆಗಳು ‘ಭಾರತಕ್ಕೆ ನಿರಾಸೆ’ ಎಂಬ ಶೀರ್ಷಿಕೆಯ ಕೆಳಗೆ ಅವರನ್ನೂ ಸೇರಿಸಿ ಮುಗಿಸಿಬಿಟ್ಟವು. ಜೀವಮಾನದ ಅತ್ಯುತ್ತಮ ಎತ್ತರ ಹಾರಿದವರು ಯಾರಿಗೆ, ಏಕೆ ನಿರಾಸೆ ಮಾಡಿದರೋ ನನಗೆ ಅರ್ಥವಾಗಿಲ್ಲ.

ಪದಕಗಳ ವಿಷಯಕ್ಕೆ ಬಂದರೆ, 16 ಚಿನ್ನ ಸೇರಿ 26 ಪದಕಗಳೊಂದಿಗೆ ಅಮೆರಿಕ ಮೊದಲು, 7 ಚಿನ್ನ ಸೇರಿ 11 ಪದಕಗಳೊಂದಿಗೆ ಕೆನ್ಯಾ ನಂತರ. ಇದರಲ್ಲಿ ಹೊಸತೇನೂ ಇಲ್ಲ. ಸ್ವೀಡನ್ನಿನ ಡುಪ್ಲಾಂಟಿಸ್ ಪೋಲ್ ವಾಲ್ಟ್‌ನಲ್ಲಿ 6.30 ಮೀಟರ್ ಹಾರಿ ತಮ್ಮದೇ ವಿಶ್ವದಾಖಲೆಯನ್ನು ಮತ್ತೊಮ್ಮೆ ಮುರಿದರು. ಅದೂ ಈಗ ಹಳೆಯ ಸುದ್ದಿಯಂತೆಯೇ ಕೇಳಿಸುತ್ತದೆ. ನನಗೆ ಹಿಡಿಸಿದ್ದು ಪಟ್ಟಿಯ ಕೆಳಭಾಗ. ಈ ಸಲ 53 ದೇಶಗಳು ಪದಕ ಪಡೆದಿವೆ. ಪುರುಷರ ಮ್ಯಾರಥಾನ್‌ನಲ್ಲಿ ತಾಂಜಾನಿಯಾದ ಅಲ್ಫೋನ್ಸ್ ಸಿಂಬು ಮತ್ತು ಜರ್ಮನಿಯ ಅಮನಲ್ ಪೆಟ್ರೋಸ್ ಇಬ್ಬರದೂ 2 ಗಂಟೆ 9 ನಿಮಿಷ 48 ಸೆಕೆಂಡ್. ನಲವತ್ತೆರಡು ಕಿಲೋಮೀಟರ್ ಓಡಿದ ಮೇಲೆ ಸೆಕೆಂಡಿನ ನೂರರಲ್ಲಿ ಮೂರು ಭಾಗದಿಂದ ಸಿಂಬು ಗೆದ್ದರು, ತಾಂಜಾನಿಯಾಕ್ಕೆ ಈ ಕೂಟದ ಮೊದಲ ಚಿನ್ನ ತಂದರು.

ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಓದುಗರು ಇನ್ನೆರಡು ಹೆಸರುಗಳ ಮುಂದೆ ಸ್ವಲ್ಪ ನಿಲ್ಲಬೇಕು. ಮಹಿಳೆಯರ ಮ್ಯಾರಥಾನ್‌ನಲ್ಲಿ ಕಂಚು ಪಡೆದ ಜೂಲಿಯಾ ಪಟರ್ನೇನ್ ಹುಟ್ಟಿದ್ದು ಮೆಕ್ಸಿಕೋದಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ, ಓಡಿದ್ದು ತಂದೆತಾಯಿಯ ನಾಡಾದ ಉರುಗ್ವೆಗಾಗಿ. ಆ ದೇಶಕ್ಕೆ ಈ ಕೂಟದಲ್ಲಿ ಅದೇ ಮೊದಲ ಪದಕ. ಕೊನೆಯ ದಿನ ಸುರಿಯುವ ಮಳೆಯಲ್ಲಿ ನಡೆದ ಡಿಸ್ಕಸ್ ಫೈನಲ್‌ನಲ್ಲಿ ಸಮೋವಾ ದ್ವೀಪಗಳಿಗೆ ಮೊದಲ ಪದಕವಾಗಿ ಕಂಚು ತಂದುಕೊಟ್ಟ ಅಲೆಕ್ಸ್ ರೋಸ್ ಹುಟ್ಟಿದ್ದು ಅಮೆರಿಕದಲ್ಲಿ. ಎಸೆಯುವ ವೃತ್ತ ಒದ್ದೆಯಾಗಿ ಕಾಲು ಜಾರುತ್ತಿದ್ದುದನ್ನು ಕಂಡು ನಮ್ಮ ಜಗಲಿಯವರು ನಕ್ಕರು. ಕೊಡಗಿನವರ ಮುಂದೆ ಮಳೆಯ ನೆಪ ನಡೆಯುವುದಿಲ್ಲ. ನಮ್ಮ ಸಂಘದ ಸಭೆಗಳಲ್ಲಿ ‘ಮಕ್ಕಳಿಗೆ ಊರಿನ ನಂಟು ಉಳಿಯುವುದು ಹೇಗೆ’ ಎಂದು ಪ್ರತಿ ವರ್ಷ ಒಂದು ಗಂಟೆ ಚರ್ಚೆಯಾಗುತ್ತದೆ, ಅದರ ಅರ್ಧ ಗಂಟೆ ಚಹಾಕ್ಕೆ ಹೋಗುತ್ತದೆ. ಈ ಇಬ್ಬರ ಸುದ್ದಿಯನ್ನು ಅಲ್ಲಿ ಒಮ್ಮೆ ಓದಿ ಹೇಳಬಹುದು.

ಈಗ ಕೊಡಗಿನ ಒಂದು ಹಳೆಯ ಓಟದ ಸಂಗತಿ. ರಿಕ್ಟರ್ ಎಂಬ ಪಾದ್ರಿ 1870ರಲ್ಲಿ ಕೊಡಗಿನ ಬಗ್ಗೆ ಬರೆದ ಕೈಪಿಡಿಯಲ್ಲಿ ನಾಟಿ ಓಟದ ವರ್ಣನೆ ಇದೆ. ಎಲ್ಲಕ್ಕಿಂತ ದೊಡ್ಡ ಗದ್ದೆಯಲ್ಲಿ ನಾಟಿ ಮಾಡುವಾಗ ಉದ್ದಕ್ಕೂ ಒಂದು ಪಟ್ಟಿಯಷ್ಟು ಜಾಗವನ್ನು ಖಾಲಿ ಬಿಟ್ಟು, ಮೊಣಕಾಲು ಹೂತುಹೋಗುವ ಆ ಕೆಸರಿನಲ್ಲಿ ಗಂಡಸರು ಓಡುತ್ತಿದ್ದರು. ಆಚೆಯ ಬದುವನ್ನು ಮೊದಲು ಮುಟ್ಟಿದವನಿಗೆ ಬಟ್ಟೆ, ಎರಡನೆಯವನಿಗೆ ಬಾಳೆಗೊನೆ, ಮೂರನೆಯವನಿಗೆ ಹಲಸಿನ ಹಣ್ಣು, ನಾಲ್ಕನೆಯವನಿಗೆ ಒಂದು ಬುಟ್ಟಿ ಕಿತ್ತಳೆ. ಐದನೆಯವನನ್ನೂ ಬರಿಗೈಯಲ್ಲಿ ಕಳುಹಿಸುತ್ತಿರಲಿಲ್ಲ. ಬಹುಮಾನ ಮೂರಕ್ಕೇ ನಿಲ್ಲಬೇಕು ಎಂಬ ನಿಯಮ ನಮ್ಮ ಗದ್ದೆಗಳಿಗೆ ಗೊತ್ತಿರಲಿಲ್ಲ. ಸಚಿನ್ ಯಾದವ್ ನಾಟಿ ಓಟದಲ್ಲಿ ಓಡಿದ್ದರೆ ಕಿತ್ತಳೆ ಹೊತ್ತು ಮನೆಗೆ ಹೋಗುತ್ತಿದ್ದರು ಎಂದು ಮಾವನಿಗೆ ಹೇಳಿದೆ. ‘ಈಗ ಆ ಕಿತ್ತಳೆ ಎಲ್ಲಿದೆ’ ಎಂದು ಅವರು ಬೇರೆಯೇ ದುಃಖ ತೆಗೆದರು. ಕೊಡಗಿನ ಕಿತ್ತಳೆ ತೋಟಗಳ ಕಥೆಗೆ ಬೇರೊಂದು ಸಂಪಾದಕೀಯವೇ ಬೇಕು.

ಆ ಓಟ ಗಂಡಸರದಾಗಿತ್ತು ಎಂದೆನಲ್ಲ. ನಂತರದ ಕಾಲದಲ್ಲಿ ಈ ಜಿಲ್ಲೆಯ ಗಂಡುಮಕ್ಕಳು ಹಾಕಿ ಸ್ಟಿಕ್ ಹಿಡಿದು ದೇಶದ ತಂಡಗಳಿಗೆ ಹೋದರು, ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ಹೆಸರು ಎಲ್ಲರಿಗೂ ಗೊತ್ತು. ಅಥ್ಲೆಟಿಕ್ಸ್‌ನಲ್ಲಿ ಕೊಡಗಿನ ಹೆಸರನ್ನು ಹೊತ್ತು ಓಡಿದವರಲ್ಲಿ ಮೊದಲು ನೆನಪಾಗುವವರು ಮಾತ್ರ ಹೆಂಗಸರು. ಅಶ್ವಿನಿ ನಾಚಪ್ಪ ಅವರಿಗೆ 1988ರಲ್ಲಿ ಅರ್ಜುನ ಪ್ರಶಸ್ತಿ, 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ ಬೆಳ್ಳಿ. ಪಿ.ಟಿ. ಉಷಾ ಅವರನ್ನು ಹಿಂದಿಕ್ಕಿದ ಹುಡುಗಿ ಎಂದೇ ಆ ದಿನಗಳಲ್ಲಿ ಜನ ಅವರನ್ನು ಗುರುತಿಸುತ್ತಿದ್ದರು. ಈಗ ಗೋಣಿಕೊಪ್ಪಲಿನಲ್ಲಿ ಅವರದೇ ಶಾಲೆ ಇದೆ. ಪ್ರಮೀಳಾ ಅಯ್ಯಪ್ಪ ಏಳು ಸ್ಪರ್ಧೆಗಳ ಹೆಪ್ಟಥ್ಲಾನ್‌ನಲ್ಲಿ 2000 ಮತ್ತು 2008ರ ಒಲಿಂಪಿಕ್ಸ್‌ಗಳಿಗೆ ಹೋದವರು. ಮೂವತ್ತು ದಾಟಿದ ಮೇಲೆ, 2010ರ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಕಂಚು ಗೆದ್ದರು.

ಎಂ.ಆರ್. ಪೂವಮ್ಮ ಅವರದು ಇನ್ನೂ ದೀರ್ಘವಾದ ಲೆಕ್ಕ. 2014ರ ಇಂಚಿಯಾನ್‌ನಲ್ಲಿ 4x400 ರಿಲೇ ಚಿನ್ನ, 400 ಮೀಟರ್‌ನಲ್ಲಿ ಕಂಚು. 2018ರ ಜಕಾರ್ತದಲ್ಲಿ ಮತ್ತೆ ಮಹಿಳೆಯರ ರಿಲೇ ಚಿನ್ನ. ಅಲ್ಲಿಯೇ ಮಿಶ್ರ ರಿಲೇಯಲ್ಲಿ ಬಹ್ರೇನ್ ಹಿಂದೆ ಎರಡನೆಯವರಾಗಿ ಬೆಳ್ಳಿ ಪಡೆದ ಭಾರತ ತಂಡಕ್ಕೆ ಎರಡು ವರ್ಷಗಳ ನಂತರ ಚಿನ್ನ ಸಿಕ್ಕಿತು. ಬಹ್ರೇನ್‌ನ ಓಟಗಾರ್ತಿಯೊಬ್ಬರು ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದರು. ನಾವು ಆ ಸಂಚಿಕೆಯಲ್ಲಿ ಅಚ್ಚು ಮಾಡಿದ ‘ಬೆಳ್ಳಿ’ ಹಾಗೆಯೇ ಉಳಿದಿದೆ. ಮುಂದೆ ಪೂವಮ್ಮ ಅವರೇ ಮದ್ದು ಪರೀಕ್ಷೆಯಲ್ಲಿ ವಿಫಲರಾಗಿ 2022ರಲ್ಲಿ ಎರಡು ವರ್ಷಗಳ ನಿಷೇಧಕ್ಕೆ ಒಳಗಾದರು. ನಮ್ಮ ಊರಿನವರೆಂದು ಇದನ್ನು ಮುಚ್ಚಿಡುವುದು ಸರಿಯಲ್ಲ, ಇದೊಂದರಿಂದ ಹಿಂದಿನ ಓಟಗಳನ್ನೆಲ್ಲ ಅಳಿಸಿಹಾಕುವುದೂ ಸರಿಯಲ್ಲ. ಪದಕ ಪಟ್ಟಿ ಅಂದಿನ ಸಂಜೆಯ ಫಲಿತಾಂಶ ಮಾತ್ರ. ಪ್ರಯೋಗಾಲಯದ ಕಾಗದಗಳು ನಿಧಾನವಾಗಿ ಬರುತ್ತವೆ.

ಇದೆಲ್ಲ ಹೇಳಿದ್ದರ ಹಿಂದೆ ನನ್ನದೊಂದು ಉದ್ದೇಶವಿದೆ. ಊರಿನ ಶಾಲಾ ಕ್ರೀಡಾಪಟುಗಳಿಗೆ ನೆರವಾಗಲು ನಮ್ಮ ಸಂಘದಲ್ಲಿ ಒಂದು ಸಣ್ಣ ನಿಧಿ ಇದೆ. ಅದನ್ನು ನಾವು ಇದುವರೆಗೆ ರಾಜ್ಯ ಮಟ್ಟದಲ್ಲಿ ಪದಕ ಗೆದ್ದವರಿಗೆ ಸನ್ಮಾನವಾಗಿ ಕೊಡುತ್ತಾ ಬಂದಿದ್ದೇವೆ: ಶಾಲು, ಹಾರ, ಲಕೋಟೆ, ಒಂದು ಫೋಟೊ. ಗೆದ್ದ ಮಗುವನ್ನು ಸನ್ಮಾನಿಸಲು ಶಾಸಕರಿದ್ದಾರೆ, ಬ್ಯಾಂಕುಗಳಿವೆ, ಸಮಾಜಗಳಿವೆ. ಅವರ ಸಾಲಿನಲ್ಲಿ ಕೊನೆಗೆ ನಿಂತು ನಾವೂ ಒಂದು ಶಾಲು ಹೊದಿಸುವುದರಿಂದ ಆ ಮಗುವಿಗೆ ಸೆಕೆ ಹೆಚ್ಚಾಗುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ.

ತಾಲ್ಲೂಕು ಕ್ರೀಡಾಕೂಟದಲ್ಲಿ ನಾಲ್ಕನೆಯ ಸ್ಥಾನ ಬಂದ ಹುಡುಗಿಯನ್ನು ನೋಡಿ ಎನ್ನುತ್ತಾರೆ ಮಾವ. ಮುಂದಿನ ಹಂತಕ್ಕೆ ಹೋಗುವುದು ಮುಂಚೂಣಿಯ ಒಂದಿಬ್ಬರು. ಉಳಿದವರಿಗೆ ಆ ವರ್ಷ ಅಲ್ಲಿಗೆ ಮುಗಿಯಿತು. ಹದಿಮೂರರಲ್ಲಿ ಗೆಲ್ಲುವುದು ಬಹಳಷ್ಟು ಸಲ ಬೇಗ ಬೆಳೆದ ಮಗು; ಹದಿನೇಳಕ್ಕೆ ಆ ಸಾಲು ಅದಲುಬದಲಾಗಬಹುದು. ಆದರೆ ಅಷ್ಟು ಹೊತ್ತಿಗೆ ನಾಲ್ಕನೆಯವಳು ಓಟ ಬಿಟ್ಟು ಮೂರು ವರ್ಷವಾಗಿರುತ್ತದೆ. ಶಾಲಾ ಕ್ರೀಡಾಕೂಟಗಳು ಬರುವ ಕಾಲಕ್ಕೆ ಇಲ್ಲಿನ ಮೈದಾನಗಳಲ್ಲಿ ಸುಣ್ಣದ ಗೆರೆ ಎಳೆದ ಅರ್ಧ ಗಂಟೆಗೆ ಮಳೆಯಲ್ಲಿ ತೊಳೆದುಹೋಗಿರುತ್ತದೆ. ಬರಿಗಾಲಲ್ಲಿ ಓಡುವವರು ಈಗಲೂ ಇದ್ದಾರೆ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಅಭ್ಯಾಸ ಮುಗಿಸಿ ಕತ್ತಲಾಗುವ ಮೊದಲು ಹಿಂತಿರುಗುವ ಬಸ್ಸೇ ದೊಡ್ಡ ಸಮಸ್ಯೆ. ಆನೆಯ ಭಯವಿರುವ ದಾರಿಗಳಲ್ಲಿ ಅದು ಸಣ್ಣ ಮಾತಲ್ಲ.

ಆದ್ದರಿಂದ ನನ್ನ ಪ್ರಸ್ತಾವ ಇಷ್ಟು. ನಿಧಿಯ ಹಣವನ್ನು ಮುಂದಿನ ವರ್ಷದಿಂದ ತಾಲ್ಲೂಕು ಕೂಟದಲ್ಲಿ ಮೂರರಿಂದ ಎಂಟನೆಯ ಸ್ಥಾನದವರೆಗೆ ಬಂದ ಮಕ್ಕಳಿಗೆ ಸ್ಪೈಕ್ ಶೂ, ಅಭ್ಯಾಸದ ದಿನಗಳ ಮೊಟ್ಟೆ ಹಾಲು ಮತ್ತು ಓಡಾಟದ ಖರ್ಚಿಗೆ ಕೊಡೋಣ. ಮೊದಲು ಒಂದೇ ತಾಲ್ಲೂಕು ಸಾಕು. ಪಟ್ಟಿಯನ್ನು ಮಾವ ಮತ್ತು ಅವರ ಹಳೆಯ ಸಹೋದ್ಯೋಗಿಗಳು ಇಡುತ್ತಾರೆ. ಮೂರಕ್ಕೆ ನಿಲ್ಲಿಸುವುದು ಅವರಿಗೆ ಬರುವುದೂ ಇಲ್ಲ. ಸನ್ಮಾನ ಸಮಾರಂಭ ಇರುವುದಿಲ್ಲ, ಆದ್ದರಿಂದ ನಮ್ಮ ಪದಾಧಿಕಾರಿಗಳ ಫೋಟೊ ಕೂಡ ಇರುವುದಿಲ್ಲ. ವಿರೋಧ ಬರುವುದಾದರೆ ಇಲ್ಲಿಂದಲೇ ಬರಬಹುದು ಎಂದು ನನ್ನ ಅಂದಾಜು.

ರಾಜ್ಯೋತ್ಸವಕ್ಕೆ ಮೊದಲು ನಡೆಯುವ ಕಾರ್ಯಕಾರಿ ಸಮಿತಿಯಲ್ಲಿ ಇದು ಚರ್ಚೆಗೆ ಬರುತ್ತದೆ. ಬಸ್ ಟಿಕೆಟ್‌ಗಳನ್ನು ಲೆಕ್ಕಪತ್ರದಲ್ಲಿ ತೋರಿಸುವುದು ಹೇಗೆ ಎಂದು ಖಜಾಂಚಿಯವರು ಫೋನಿನಲ್ಲಿ ಈಗಾಗಲೇ ಕೇಳಿದ್ದಾರೆ. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ, ಆ ಹಣದಲ್ಲಿ ಇನ್ನೊಂದು ಜೊತೆ ಶೂ ಕೊಳ್ಳಬಹುದು ಎಂದು ಉತ್ತರಿಸಿದ್ದೇನೆ. ಗಂಡುಮಕ್ಕಳ ಟಿಕೆಟ್‌ಗಳನ್ನು ಮಾವ ರೂಲಿನ ಪುಸ್ತಕಕ್ಕೆ ಅಂಟಿಸಿ ಕಳುಹಿಸುತ್ತಾರಂತೆ.