ಕಾವೇರಿ ಎಂಜಿನ್‌ಗೆ ನಮ್ಮದೇ ಪರೀಕ್ಷಾ ವಿಮಾನ ಬೇಕು

ಮಾನ್ಯ ಸಂಪಾದಕರೇ,

ಹೋದ ಭಾನುವಾರ ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯುತ್ತಾ ಪತ್ರಿಕೆ ಓದುತ್ತಿದ್ದೆ. ತೇಜಸ್ ಯುದ್ಧವಿಮಾನಕ್ಕೆ ಅಮೆರಿಕದಿಂದ ಬರುವ ಎಂಜಿನ್‌ಗಳ ಸುದ್ದಿ ಇತ್ತು. ಪಕ್ಕದಲ್ಲಿ ಕೂತಿದ್ದವರೊಬ್ಬರು ನನ್ನ ಪತ್ರಿಕೆ ಇಣುಕಿ, "ಕಾವೇರಿ ಎಂಜಿನ್ ಮಾಡ್ತೀವಿ ಅಂತ ಹೋಗಿ ಸುಮ್ನೆ ದುಡ್ಡು ಹಾಳು ಮಾಡಿದ್ರು. ಹೊರಗಿಂದ ತಂದ್ರೆ ಮುಗೀತಲ್ವಾ?" ಅಂದರು. ಅಷ್ಟರಲ್ಲಿ ಅವರ ಬಸ್ ಬಂತು, ಹೊರಟುಬಿಟ್ಟರು. ಅವರಿಗೆ ಹೇಳಬೇಕು ಅಂದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಐಟಿಐನಲ್ಲಿ 28 ವರ್ಷ ಟರ್ನರ್ ಹುಡುಗರಿಗೆ ಲೇತ್ ಕೆಲಸ ಕಲಿಸಿದವನು. ವಿಮಾನದ ಎಂಜಿನ್ ಮುಟ್ಟಿದವನಲ್ಲ. ಆದರೆ ಎಂಜಿನ್ ನಿಂತರೆ ಏನಾಗುತ್ತದೆ ಅನ್ನೋದು ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ನಮ್ಮ ತಂದೆಯವರು ಆಲೆಮನೆ ನಡೆಸುತ್ತಿದ್ದರು. ಗಾಣ ತಿರುಗುತ್ತಿದ್ದದ್ದು ಡೀಸೆಲ್ ಎಂಜಿನ್‌ನಿಂದ. 1978ರಲ್ಲಿ ಸಂಕ್ರಾಂತಿ ಕಳೆದ ವಾರವೇ ಎಂಜಿನ್ ಒಳಗಿನ ಒಂದು ಬುಷ್ ಹೋಯಿತು. ಕಬ್ಬು ಕಡಿದು ರಾಶಿ ಹಾಕಿಯಾಗಿತ್ತು. ಎಂಜಿನ್ ಮಾರಿದ ಅಂಗಡಿಯವರು, "ಪಾರ್ಟ್ ಇಲ್ಲಿಲ್ಲ, ಹೊರಗಿನಿಂದ ಬರಬೇಕು, ನಾಲ್ಕು ದಿನ" ಅಂದರು. ಆ ನಾಲ್ಕು ದಿನ ಹತ್ತೊಂಬತ್ತು ದಿನ ಆಯಿತು. ಕಡಿದ ಕಬ್ಬು ಯಾರಿಗೂ ಕಾಯುವುದಿಲ್ಲ. ಒಣಗಿ ತೂಕ ಇಳಿಯುತ್ತದೆ, ರಸ ಹುಳಿಯಾಗುತ್ತದೆ, ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಆ ವರ್ಷ ಅಮ್ಮನ ಬಳೆ ಅಡ ಇಡಬೇಕಾಯಿತು.

ಮುಂದಿನ ವರ್ಷ ಅಪ್ಪ ಮಂಡ್ಯದ ಒಬ್ಬ ಲೇತ್ ಮೇಸ್ತ್ರಿಯ ಹತ್ತಿರ ಬುಷ್ ಮಾಡಿಸಿದರು. ಮೊದಲನೆಯದು ಎರಡೇ ದಿನಕ್ಕೆ ಸವೆಯಿತು. ಎರಡನೆಯದು ಒಂದು ವಾರ ಬಂತು. ಪ್ರತಿ ಸಲವೂ ಮೇಸ್ತ್ರಿ ಸವೆದ ಬುಷ್ಷನ್ನು ಬೆಳಕಿಗೆ ಹಿಡಿದು, ಎಲ್ಲಿ ತಿಂದಿದೆ ಎಂದು ಬೆರಳಿನಿಂದ ಸವರಿ ನೋಡುತ್ತಿದ್ದರು. ಆಮೇಲೆ ಎಣ್ಣೆ ಹರಿಯುವ ಗೆರೆಯನ್ನು ಬೇರೆ ಕಡೆ ಕೊರೆದರು. ನಾಲ್ಕನೆಯ ಬುಷ್ ಪೂರ್ತಿ ಎರಡು ವರ್ಷ ಓಡಿತು. ನಾನು ಟರ್ನರ್ ಕೆಲಸಕ್ಕೆ ಬಂದದ್ದೇ ಅವರನ್ನು ನೋಡಿ.

ಈಗ ಕಾವೇರಿ ಎಂಜಿನ್ ವಿಷಯ. ನಮ್ಮ ಹೊಳೆಯ ಹೆಸರನ್ನೇ ಇಟ್ಟ ಈ ಜೆಟ್ ಎಂಜಿನ್ನನ್ನು ತೇಜಸ್‌ಗೆಂದು ಮಾಡಲು, ರಕ್ಷಣಾ ಇಲಾಖೆಗೆ ಎಂಜಿನ್ ಸಂಶೋಧನೆ ಮಾಡುವ ಬೆಂಗಳೂರಿನ ಜಿಟಿಆರ್‌ಇ ಸಂಸ್ಥೆಗೆ 1989ರಲ್ಲಿ ಸುಮಾರು 383 ಕೋಟಿ ರೂಪಾಯಿ ಕೊಟ್ಟರು. ತೇಜಸ್‌ಗೆ ಬೇಕಿದ್ದದ್ದು 80 ಕಿಲೋನ್ಯೂಟನ್‌ಗಿಂತ ಜಾಸ್ತಿ ತಳ್ಳುಬಲ. ಕಾವೇರಿ 70ರ ಆಸುಪಾಸಿನಲ್ಲಿ ನಿಂತಿತು, ತೂಕವೂ ಜಾಸ್ತಿಯಾಯಿತು. 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬೇರೆ ಮಾಡಿದರು. ಅಷ್ಟು ವರ್ಷಗಳಲ್ಲಿ ಒಟ್ಟು ಖರ್ಚಾದದ್ದು ಸುಮಾರು 2,000 ಕೋಟಿ. ಅದು ದೊಡ್ಡ ಮೊತ್ತವೇ. ಆದರೆ 2021ರ ಆಗಸ್ಟ್‌ನಲ್ಲಿ ತೇಜಸ್ ತಯಾರಿಸುವ ಎಚ್‌ಎಎಲ್, ಅಮೆರಿಕದ ಎಫ್‌404 ಎಂಬ 99 ಎಂಜಿನ್‌ಗಳಿಗೆ ಮಾಡಿಕೊಂಡ ಒಪ್ಪಂದ 5,375 ಕೋಟಿಯದು. ಅದರಲ್ಲಿ ಮೊದಲ ಎಂಜಿನ್ ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ವಿಮಾನದ ಮೈ ಸಿದ್ಧವಾಗಿ ಎಂಜಿನ್‌ಗಾಗಿ ಕಾಯುವುದನ್ನು ಓದಿದಾಗಲೆಲ್ಲ ನನಗೆ ಆಲೆಮನೆ ಮುಂದಿನ ಕಬ್ಬಿನ ರಾಶಿ ಕಣ್ಣಿಗೆ ಬರುತ್ತದೆ.

ಜೆಟ್ ಎಂಜಿನ್ ಯಾಕೆ ಇಷ್ಟು ಕಷ್ಟ? ನಮ್ಮ ಕಡೆಯವರಿಗೆ ಹೀಗೆ ಹೇಳಬಹುದು. ಬೆಲ್ಲದ ಅಚ್ಚು ಒಡೆದು ನೋಡಿ, ಸಣ್ಣ ಸಣ್ಣ ಹರಳು ಅಂಟಿಕೊಂಡಿರುತ್ತವೆ. ಒಡೆಯುವುದು ಆ ಹರಳುಗಳ ಸಂದಿಯಲ್ಲಿ. ಸಾಮಾನ್ಯ ಲೋಹವೂ ಹಾಗೇ. ಎಂಜಿನ್ನಿನ ಟರ್ಬೈನ್ ರೆಕ್ಕೆಗಳ ಮೇಲೆ ನುಗ್ಗುವ ಗಾಳಿ ಆ ಲೋಹ ಕರಗುವ ಬಿಸಿಗಿಂತಲೂ ಜಾಸ್ತಿ ಬಿಸಿ ಇರುತ್ತದೆ. ಆ ಬಿಸಿಯಲ್ಲಿ, ಆ ವೇಗದಲ್ಲಿ ತಿರುಗುವಾಗ ಸಂದಿ ಇದ್ದರೆ ಅಲ್ಲೇ ಬಿರುಕು. ಹಾಗಾಗಿ ಇಡೀ ರೆಕ್ಕೆಯನ್ನು ಕಲ್ಲುಸಕ್ಕರೆಯ ಒಂದೇ ಹರಳಿನ ಹಾಗೆ ಎರಕ ಹೊಯ್ಯಬೇಕು. ಜೊತೆಗೆ ಒಳಗೆ ಸಣ್ಣ ಸಣ್ಣ ದಾರಿ ಬಿಟ್ಟು ತಣ್ಣನೆ ಗಾಳಿ ಹರಿಸಬೇಕು. ಈ ಕೈಚಳಕವನ್ನು ಯಾವ ದೇಶವೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮಾಡಿ, ಕೆಡಿಸಿ, ಮತ್ತೆ ಮಾಡಿಯೇ ಕಲಿಯಬೇಕು.

ಮಾಡಿದ್ದನ್ನು ಪರೀಕ್ಷೆ ಮಾಡೋದು ಎಲ್ಲಿ? ನನಗೆ ನಿಜವಾಗಿ ನೋವಾಗುವುದು ಇಲ್ಲೇ. 2010ರಲ್ಲಿ ಕಾವೇರಿಯನ್ನು ಆಕಾಶದಲ್ಲಿ ಓಡಿಸಿ ನೋಡಲು ರಷ್ಯಾಕ್ಕೆ ಹೊತ್ತುಕೊಂಡು ಹೋಗಬೇಕಾಯಿತು. ಅಲ್ಲಿ ನಾಲ್ಕು ಎಂಜಿನ್ನಿನ ಇಲ್ಯೂಶಿನ್-76 ವಿಮಾನದ ಒಂದು ಎಂಜಿನ್ ತೆಗೆದು ಆ ಜಾಗದಲ್ಲಿ ಕಾವೇರಿ ಕೂರಿಸಿದರು. ಅದು ಹಾರಿತು, ಚೆನ್ನಾಗಿಯೇ ಹಾರಿತು. ಈಗ ಪೈಲಟ್ ಇಲ್ಲದ ಯುದ್ಧವಿಮಾನಕ್ಕೆಂದು ಸಿದ್ಧವಾಗುತ್ತಿರುವ ಕಾವೇರಿಯ ಪರೀಕ್ಷೆಗೂ ರಷ್ಯಾಕ್ಕೇ ಹೋಗಿದ್ದಾರೆ. ಇಷ್ಟು ವರ್ಷವಾದರೂ ನಮ್ಮದೇ ಒಂದು ಪರೀಕ್ಷಾ ವಿಮಾನ ಇಲ್ಲ. ನನ್ನ ವರ್ಕ್‌ಶಾಪಿನಲ್ಲಿ ಹುಡುಗರು ಒಂದು ಸಲ ಕೊರೆದರೆ ಮೂರು ಸಲ ಅಳೆಯುತ್ತಿದ್ದರು. ಮೈಕ್ರೋಮೀಟರ್ ಪಕ್ಕದ ಜಿಲ್ಲೆಯಲ್ಲಿ ಇದ್ದಿದ್ದರೆ, ಅದಕ್ಕೂ ಸರದಿ ಕಾಯಬೇಕಿದ್ದರೆ, ಒಬ್ಬನೂ ಟರ್ನರ್ ಆಗುತ್ತಿರಲಿಲ್ಲ.

ಅಮೆರಿಕದ ಎಂಜಿನ್ ಬೇಡ ಅಂತ ನಾನು ಹೇಳುತ್ತಿಲ್ಲ. ವಾಯುಪಡೆಗೆ ವಿಮಾನ ಈಗ ಬೇಕು. ನಂಬಬಹುದಾದ ಎಂಜಿನ್ ಹಾಕಿದ್ದು ಸರಿಯೇ. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿದ್ದೂ ಎಫ್‌404 ಬಲದಿಂದಲೇ. ಆದರೆ ಅದಕ್ಕೂ ಮುಂಚೆ, 1998ರ ಪೋಖ್ರಾನ್ ಅಣು ಪರೀಕ್ಷೆ ಆದ ಮೇಲೆ, ಅಮೆರಿಕದಲ್ಲಿ ಇದೇ ವಿಮಾನದ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸ್ ಕಳಿಸಿದ್ದರು. ಇನ್ನೂ ಹಿಂದೆ ಹೋದರೆ ಮಾರುತ್ ಯುದ್ಧವಿಮಾನ ಇದೆ. ಬೆಂಗಳೂರಿನಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಜೊತೆ ನಮ್ಮವರು ರೂಪಿಸಿದ ವಿಮಾನ, 1961ರ ಜೂನ್ 17ರಂದು ಹಾರಿತು. ಎಷ್ಟು ಚೆಂದದ ವಿಮಾನ! ಶಬ್ದದ ವೇಗ ಮೀರಿ ಹಾರಬೇಕಿದ್ದ ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಬ್ರಿಟಿಷ್ ಆರ್ಫಿಯಸ್ ಎಂಜಿನ್‌ಗಳ ಸಾಕಾಗದ ಬಲದಲ್ಲೇ 1971ರ ಯುದ್ಧ ಮಾಡಿತು.

2025ರ ನವೆಂಬರ್‌ನಲ್ಲಿ ಇನ್ನೂ 113 ಎಫ್‌404ಗಳಿಗೆ ಸಹಿ ಬಿದ್ದಿದೆ. ಮುಂದೆ ಬರಲಿರುವ ನಮ್ಮ ಆಮ್ಕಾ ಯುದ್ಧವಿಮಾನಕ್ಕೆ ಫ್ರಾನ್ಸಿನ ಎಂಜಿನ್ ಕಂಪನಿ ಸಫ್ರಾನ್ ಜೊತೆ ಸೇರಿ ಇನ್ನೂ ದೊಡ್ಡ ಎಂಜಿನ್ ಮಾಡುವ ಮಾತಿದೆ. ಮಾಡಲಿ. ಆದರೆ ಆ ರೆಕ್ಕೆಯ ಎರಕ ಹೊಯ್ಯುವಾಗ ನಮ್ಮವರು ಕುಲುಮೆಯ ಪಕ್ಕದಲ್ಲೇ ನಿಂತಿರಬೇಕು. ಜೋಡಿಸುವ ಕೆಲಸ ಮಾತ್ರ ಕೊಟ್ಟರೆ ಒಪ್ಪಬಾರದು. ಅದರ ಜೊತೆಗೆ ಕಾವೇರಿಯ ಹಣ ನಿಲ್ಲಬಾರದು.

ಮೈಸೂರು, ಮಂಡ್ಯದ ಸಂಸದರಲ್ಲಿ ನನ್ನದೊಂದು ವಿನಂತಿ. 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಶುರುವಾದಾಗ ಮೈಸೂರು ಸರ್ಕಾರವೂ ಅದಕ್ಕೆ ಹಣ ಹಾಕಿತ್ತು. ಹಾಗಾಗಿ ಕೇಳುವ ಹಕ್ಕು ನಮಗಿದೆ. ಎಂಜಿನ್ ಪರೀಕ್ಷಿಸುವ ನಮ್ಮದೇ ವಿಮಾನ ಯಾವ ವರ್ಷ ಬರುತ್ತದೆ, ಅದಕ್ಕೆ ಎಷ್ಟು ಹಣ ಇಟ್ಟಿದ್ದಾರೆ, ಯಾವ ನೆಲೆಯಿಂದ ಹಾರುತ್ತದೆ? ಮುಂದಿನ ಅಧಿವೇಶನದಲ್ಲಿ ಈ ಮೂರು ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಇದೇ ಪತ್ರಿಕೆಯಲ್ಲಿ ನಮಗೆ ತಿಳಿಸಲಿ.

— ನಿವೃತ್ತ ಐಟಿಐ ತರಬೇತುದಾರ, ಪಾಂಡವಪುರ, ಮಂಡ್ಯ ಜಿಲ್ಲೆ