ಬಫಲೋ ಹೊಳೆಗೆ ಹೋಗಿ ಬಂದೆವು

ಬೆಂಟನ್‌ವಿಲ್, ಅರ್ಕಾನ್ಸಾ, ಅಮೆರಿಕ
ಜೂನ್ 14

ಪ್ರೀತಿಯ ಅಪ್ಪಯ್ಯನಿಗೆ, ಅಮ್ಮನಿಗೆ,

ನಿಮ್ಮ ಮಗಳು ವಿದ್ಯಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಲ್ಲಿ ಮಳೆ ಹಿಡಿಯಿತಾ? ಅಡಿಕೆಗೆ ಕೊಳೆ ಔಷಧಿ ಹೊಡೆಯೋಕೆ ಜನ ಸಿಕ್ಕಿದರಾ? ಫೋನಿನಲ್ಲಿ ಮಕ್ಕಳ ಗಲಾಟೆ ನಡುವೆ ಅರ್ಧ ಮಾತು ಉಳಿದೇ ಹೋಗುತ್ತದೆ. ಅದಕ್ಕೇ ಬರೆಯೋಣ ಅಂತ ಕೂತೆ. ಅಪ್ಪಯ್ಯ, ಇದನ್ನು ಅಜ್ಜಿಗೆ ನಿಧಾನವಾಗಿ ಓದಿ ಹೇಳಿ. ಇದರಲ್ಲಿ ಅವಳಿಗೆ ಅಂತ ಬರೆದದ್ದೇ ಜಾಸ್ತಿ.

ಹೋದ ವಾರ ಆರ್‌ವಿ ಬಾಡಿಗೆಗೆ ತೆಗೆದುಕೊಂಡು ಬಫಲೋ ನದಿಗೆ ಹೋಗಿದ್ದೆವು. ಆರ್‌ವಿ ಅಂದರೆ ಲಾರಿಯ ಚಾಸಿ ಮೇಲೆ ಕಟ್ಟಿದ ಮನೆ. ಒಳಗೆ ಗ್ಯಾಸ್ ಒಲೆ, ಫ್ರಿಜ್, ಸಿಂಕ್, ಬಚ್ಚಲು, ಮಲಗೋಕೆ ಹಾಸಿಗೆ ಎಲ್ಲ ಇರುತ್ತದೆ. ಡ್ರೈವರ್ ಸೀಟಿನ ಮೇಲೆ ಅಟ್ಟದ ಹಾಗೆ ಒಂದು ಹಾಸಿಗೆ ಇದೆ. ಧಾತ್ರಿ, ವಿಭವ ಇಬ್ಬರೂ ಅದನ್ನು ಮೊದಲ ದಿನವೇ ಹಿಡಿದುಕೊಂಡರು, ಕೊನೆಯ ದಿನದವರೆಗೂ ಬಿಡಲಿಲ್ಲ. ನಮ್ಮ ಮನೆಯಿಂದ ಬೆಟ್ಟದ ದಾರಿಯಲ್ಲಿ ಮೂರು ಗಂಟೆ ಹತ್ತಿರ ಪ್ರಯಾಣ. ಓಜಾರ್ಕ್ಸ್ ಅಂತ ಈ ಸೀಮೆಗೆ ಹೆಸರು. ದೊಡ್ಡ ಬೆಟ್ಟಗಳಲ್ಲ, ಆದರೆ ತಿರುವುಗಳು ನಮ್ಮ ಘಾಟಿಯವೇ. ಇವರು ಅಷ್ಟು ದೊಡ್ಡ ಗಾಡಿಯನ್ನು ಬಹಳ ಸಮಾಧಾನವಾಗಿ ಓಡಿಸಿದರು.

ನಾವು ಇಳಿದದ್ದು ಬಫಲೋ ಪಾಯಿಂಟ್ ಅನ್ನೋ ಜಾಗದಲ್ಲಿ. ಹೊಳೆ ಪಕ್ಕದಲ್ಲೇ ಮರಗಳ ನಡುವೆ ಗಾಡಿ ನಿಲ್ಲಿಸೋಕೆ ಜಾಗ ಮಾಡಿದ್ದಾರೆ. ಪ್ರತಿ ಜಾಗಕ್ಕೂ ಒಂದು ಕರೆಂಟ್ ಕಂಬ, ನೀರಿನ ನಲ್ಲಿ, ಊಟಕ್ಕೆ ಮರದ ಮೇಜು, ಬೆಂಕಿ ಹಾಕೋಕೆ ಕಬ್ಬಿಣದ ಬಳೆ. ರಜೆಯ ಗಲಾಟೆ ಮುಗಿದ ಮೇಲೆ ವಾರದ ಮಧ್ಯೆ ಹೋಗಿದ್ದರಿಂದ ಅಕ್ಕಪಕ್ಕ ಜನವೇ ಇರಲಿಲ್ಲ. ದೂರದಲ್ಲಿ ವಯಸ್ಸಾದ ಗಂಡ ಹೆಂಡತಿ, ಅವರದೊಂದು ಆರ್‌ವಿ. ಅಷ್ಟೆ.

ಅಪ್ಪಯ್ಯ, ನಿಮಗೆ ಇದರ ವ್ಯವಸ್ಥೆ ತಿಳಿಯಬೇಕು ಅಲ್ವಾ, ಹೇಳುತ್ತೇನೆ. ಮೊದಲು ಗಾಡಿ ಮಟ್ಟಸ ಆಗಬೇಕು. ತಗ್ಗಿನ ಕಡೆ ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆ ಜೋಡಿಸಿ ಅದರ ಮೇಲೆ ಹತ್ತಿಸುತ್ತಾರೆ. ನಮ್ಮ ಗಾಡಿಯ ಫ್ರಿಜ್ ಗ್ಯಾಸಿನಲ್ಲೂ ನಡೆಯುವ ತರದ್ದು. ಮಟ್ಟಸ ಇಲ್ಲದಿದ್ದರೆ ಅದು ಸರಿಯಾಗಿ ತಂಪು ಮಾಡುವುದಿಲ್ಲ. ಕರೆಂಟು 30 ಆಂಪ್, ಅಂದರೆ ಎಸಿ ಹಾಕಿದಾಗ ಮೈಕ್ರೋವೇವ್ ಮುಟ್ಟುವ ಹಾಗಿಲ್ಲ. ಹೊಟ್ಟೆಯ ಕೆಳಗೆ ಮೂರು ಟ್ಯಾಂಕು. ಒಂದು ಒಳ್ಳೆಯ ನೀರಿಗೆ, ಒಂದು ಸ್ನಾನ-ಪಾತ್ರೆಯ ನೀರಿಗೆ, ಒಂದು ಕಕ್ಕಸಿಗೆ. ಹೊರಡುವ ದಿನ ಅದಕ್ಕಂತಲೇ ಇರುವ ಗುಂಡಿಯ ಹತ್ತಿರ ನಿಲ್ಲಿಸಿ ದಪ್ಪ ಪೈಪು ಸಿಕ್ಕಿಸಿ ಖಾಲಿ ಮಾಡಬೇಕು. ಮೊದಲು ಕಕ್ಕಸಿನ ಟ್ಯಾಂಕು, ಆಮೇಲೆ ಸಾಬೂನು ನೀರಿನದ್ದು. ಹಾಗೆ ಮಾಡಿದರೆ ಪೈಪು ತಾನೇ ತೊಳೆದುಕೊಳ್ಳುತ್ತದೆ. ಒಂದು ತೊಟ್ಟು ಕೂಡ ಹೊಳೆಗೆ ಹೋಗಬಾರದು ಅಂತ ಎಷ್ಟು ಜಾಗ್ರತೆ ಮಾಡುತ್ತಾರೆ ಅಂದರೆ, ನೋಡಿ ನನಗೆ ಬಹಳ ಖುಷಿಯಾಯಿತು.

ಅಮ್ಮ, ಊಟದ ಚಿಂತೆ ಬೇಡ. ಕುಕ್ಕರ್ ತಗೊಂಡು ಹೋಗಿದ್ದೆ. ಅನ್ನ, ಸಾರು, ನೀನು ಕಳಿಸಿದ ಅಪ್ಪೆಮಿಡಿ. ಬೆಳಿಗ್ಗೆ ಮೊಸರವಲಕ್ಕಿ. ಮಕ್ಕಳು ಹೊಳೆಯಲ್ಲಿ ಆಡಿ ಬಂದು ಎರಡೆರಡು ಸಲ ಬಡಿಸಿಕೊಂಡರು. ಸಂಜೆ ಮಾತ್ರ ದಿನಾ ಒಂದು ಕೆಲಸ ಇತ್ತು. ಇಲ್ಲಿಯ ಕಾಡಲ್ಲೂ ರಕ್ತ ಹೀರುವ ಉಣುಗು ಇದೆ. ಇಬ್ಬರ ಕಾಲು, ಸೊಂಟ, ಕಿವಿಯ ಹಿಂದೆ ಎಲ್ಲ ಬೆಳಕು ಹಿಡಿದು ನೋಡಬೇಕು. ಮಂಗನ ಕಾಯಿಲೆ ಬಂದ ವರ್ಷ ಉಣುಗು ಹತ್ತದ ಹಾಗೆ ಆಸ್ಪತ್ರೆಯವರು ಕೊಟ್ಟ ಡಿಎಂಪಿ ಎಣ್ಣೆ ಹಚ್ಚಿ ನಮ್ಮನ್ನು ಸೊಪ್ಪಿನ ಬೆಟ್ಟಕ್ಕೆ ಕಳಿಸುತ್ತಿದ್ದೆಯಲ್ಲ, ಅದೇ ನೆನಪಾಯಿತು.

ಒಂದು ದಿನ ಕನೂ ಅನ್ನೋ ಸಣ್ಣ ದೋಣಿ ಬಾಡಿಗೆಗೆ ತೆಗೆದುಕೊಂಡು ರಶ್ ಅನ್ನೋ ಊರಿನವರೆಗೆ ತೇಲಿಕೊಂಡು ಹೋದೆವು. ಸುಮಾರು 12 ಕಿ.ಮೀ. ನೀರು ಹಸಿರು, ಆದರೆ ತಳದ ಕಲ್ಲು ಒಂದೊಂದೂ ಕಾಣುತ್ತದೆ. ಒಂದು ಕಡೆ ಸುಣ್ಣಕಲ್ಲಿನ ಬಂಡೆ ಗೋಡೆಯ ಹಾಗೆ ನೇರ ಎದ್ದಿದೆ. ಅದರ ಮೇಲೆ ನೀರು ಇಳಿದ ಕಡೆ ಕಪ್ಪು, ಕಂದು ಗೆರೆಗಳು. ಹುಟ್ಟು ಹಾಕೋದು ನಿಲ್ಲಿಸಿದರೆ ಬಂಡೆಯಿಂದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಒಂದು ಆಮೆ ಮರದ ದಿಮ್ಮಿ ಮೇಲೆ ಬಿಸಿಲು ಕಾಯಿಸುತ್ತಾ ಕೂತಿತ್ತು. ನಾವು ಹತ್ತಿರ ಹೋದರೂ ಕತ್ತು ಮಾತ್ರ ತಿರುಗಿಸಿತು. ರಶ್ ಒಂದು ಕಾಲದಲ್ಲಿ ಸತುವಿನ ಗಣಿ ಊರು. ಮೊದಲ ಮಹಾಯುದ್ಧದ ಹೊತ್ತಿಗೆ ಜನವೋ ಜನ. ಈಗ ಖಾಲಿ ಮನೆಗಳು ಮಾತ್ರ ನಿಂತಿವೆ. ಅಲ್ಲಿಂದ ಮುಂದೆ, ಬಫಲೋ ಹೋಗಿ ವೈಟ್ ನದಿ ಸೇರುವವರೆಗೂ ದೋಣಿ ದಡ ಹತ್ತಿಸಿ ರಸ್ತೆ ಸೇರುವ ಜಾಗವೇ ಇಲ್ಲವಂತೆ.

ರಾತ್ರಿ 10ರ ಮೇಲೆ ಜನರೇಟರ್ ಹಾಕುವ ಹಾಗಿಲ್ಲ, ಜೋರಾಗಿ ಮಾತಾಡುವ ಹಾಗಿಲ್ಲ. ದೀಪಗಳೂ ಕಡಿಮೆ. 2019ರಲ್ಲಿ ಹೊಳೆಯ ಸುತ್ತಲಿನ ಈ ಪಾರ್ಕಿಗೆ ಕತ್ತಲ ಆಕಾಶ ಉಳಿಸಿಕೊಂಡ ಜಾಗ ಅಂತ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಹುಟ್ಟಿದ ಮೇಲೆ ಮೊದಲ ಸಲ ಮಕ್ಕಳು ಆಕಾಶಗಂಗೆ ನೋಡಿದರು. ಕಾಡಿನಿಂದ ಒಂದೇ ಸಮನೆ ಒಂದು ಹಕ್ಕಿ ಕೂಗುತ್ತಿತ್ತು, ನಮ್ಮ ನತ್ತಿಂಗದ ಜಾತಿಯದ್ದೇ. ಅಜ್ಜಿ ಇದ್ದಿದ್ದರೆ ಕೂಗು ಕೇಳಿಯೇ ಹೇಳಿಬಿಡುತ್ತಿದ್ದಳು.

ಅಜ್ಜಿ, ಈಗ ನಿನ್ನ ಹತ್ತಿರ ಮಾತು. ಈ ಹೊಳೆಗೆ ಅಣೆಕಟ್ಟು ಇಲ್ಲ. ಮಳೆ ಬಂದರೆ ರಾತ್ರೋರಾತ್ರಿ ಏರುತ್ತದೆ, ಬಿಸಿಲಿಗೆ ಇಳಿಯುತ್ತದೆ. 1930ರ ದಶಕದಿಂದಲೂ ಇದಕ್ಕೆ ಕಟ್ಟೆ ಹಾಕುವ ಯೋಜನೆ ಸರ್ಕಾರದ ಹತ್ತಿರ ಇತ್ತು. ತಡೆಯಲು ಮುಂದೆ ನಿಂತವರು ನೀಲ್ ಕಾಂಪ್ಟನ್ ಅಂತ ಒಬ್ಬ ಹೆರಿಗೆ ಡಾಕ್ಟರ್. ನಾವಿರುವ ಇದೇ ಬೆಂಟನ್‌ವಿಲ್ ಊರಿನವರು! ಅವರು ನೆಟ್ಟು ಬೆಳೆಸಿದ ತೋಟ ಈಗ ಎಲ್ಲರಿಗೂ ತೆರೆದಿದೆ. ನಾನು ಮಕ್ಕಳನ್ನು ಅಲ್ಲಿಗೆ ಆಗಾಗ ಕರೆದುಕೊಂಡು ಹೋಗುತ್ತೇನೆ. 1962ರಲ್ಲಿ ಅವರೂ ಜೊತೆಯವರೂ ಸೇರಿ ಓಜಾರ್ಕ್ ಸೊಸೈಟಿ ಕಟ್ಟಿದರು. ಕಟ್ಟೆ ಬೇಕು ಅಂದವರೂ ಇದೇ ಸೀಮೆಯವರೇ. ಕೆಲಸ ಸಿಗುತ್ತದೆ, ಜನ ಬರುತ್ತಾರೆ ಅನ್ನೋದು ಅವರ ಮಾತು. 1965ರ ಕೊನೆಗೆ ಇಲ್ಲಿಯ ಗವರ್ನರ್ ಕಟ್ಟೆ ಬೇಡ ಅಂತ ಪತ್ರ ಬರೆದರು. 1972ರ ಮಾರ್ಚ್ 1ರಂದು ಕಾನೂನೇ ಆಯಿತು. ಅಮೆರಿಕದಲ್ಲಿ ರಾಷ್ಟ್ರೀಯ ನದಿ ಅಂತ ಹೆಸರಾದ ಮೊದಲ ಹೊಳೆ ಇದೇ. 217 ಕಿ.ಮೀ. ಉದ್ದಕ್ಕೆ ಕಾಪಾಡಿದ್ದಾರೆ.

ಇಲ್ಲಿ ಕಟ್ಟೆ ಬೇಡ ಅಂತ ಜನ ಓಡಾಡುತ್ತಿದ್ದ ವರ್ಷಗಳಲ್ಲೇ ಶರಾವತಿಗೆ ಲಿಂಗನಮಕ್ಕಿ ಕಟ್ಟಿ ಮುಗಿಸಿದರು, 1964ರಲ್ಲಿ. ನೀನು ಮದುವೆಯಾಗಿ ಹೋದ ಮನೆ ನೀರಿನ ಕೆಳಗೆ ಹೋಯಿತು. ಶರಾವತಿಯ ಕರೆಂಟು ನಾಡಿಗೆಲ್ಲ ಬೆಳಕು ಕೊಟ್ಟಿತು, ಅದು ಸುಳ್ಳಲ್ಲ. ಆದರೆ ಆ ಬೆಳಕಿಗೆ ಯಾರ ಮನೆ ಮುಳುಗಿತು ಅಂತ ನನಗೆ ಗೊತ್ತಿದೆ. ನಮ್ಮ ಜಗಲಿಯ ಎರಡು ಹಲಸಿನ ಕಂಬ ಆ ಮನೆಯಿಂದ ಬಿಚ್ಚಿ ಗಾಡಿಯಲ್ಲಿ ತಂದದ್ದು ಅಂತ ನೀನೇ ತೋರಿಸಿದ್ದೆ.

ಇಲ್ಲಿಯೂ ಎಲ್ಲ ಒಳ್ಳೆಯದೇ ಆಯಿತು ಅಂತ ಹೇಳಲಾರೆ. ಹೊಳೆ ಉಳಿಯಿತು, ಆದರೆ ಪಾರ್ಕ್ ಮಾಡಲು ದಂಡೆಯ ಜಮೀನು ಸರ್ಕಾರ ಕೊಂಡಿತು. ಎಷ್ಟೋ ಸಂಸಾರ ಎದ್ದು ಹೋಗಬೇಕಾಯಿತು. ಮೇಲ್ಗಡೆ ಕಣಿವೆಯಲ್ಲಿ ಗ್ರ್ಯಾನಿ ಹೆಂಡರ್ಸನ್ ಅಂತ ಒಬ್ಬ ಅಜ್ಜಿ ಇದ್ದರಂತೆ. ಒಬ್ಬರೇ, ದನ ಕೋಳಿ ಸಾಕಿಕೊಂಡು. 1970ರ ದಶಕದಲ್ಲಿ ಅವರೂ ಮನೆ ಬಿಟ್ಟರು. ಆ ಮರದ ಮನೆ ಇನ್ನೂ ಇದೆ. ಜನ ಬೆಟ್ಟ ನಡೆದು ಹೋಗಿ ನೋಡುತ್ತಾರೆ, ಅವರ ಹೆಸರು ಹೇಳುತ್ತಾರೆ. ಆ ದೂರದ ಆರ್‌ವಿಯ ಅಜ್ಜ ಇದನ್ನೆಲ್ಲ ಹೇಳುವಾಗ ನನಗೆ ನೀನೇ ಕಣ್ಣ ಮುಂದೆ ಬಂದೆ. ನಿನ್ನ ಮನೆ ನೋಡೋಕೆ ಯಾರೂ ಹೋಗುವ ಹಾಗಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಮುಳುಗಿದ ಹಳೆಯ ಮಡೆನೂರು ಕಟ್ಟೆ ಏಳುತ್ತದೆ, ಅದನ್ನು ನೋಡೋಕೆ ಜನ ಹೋಗುತ್ತಾರೆ. ಮನೆಗಳ ಹೆಸರು ಯಾರೂ ಹೇಳುವುದಿಲ್ಲ.

ಅದಕ್ಕೆ ಅಪ್ಪಯ್ಯ, ಒಂದು ಕೆಲಸ ಮಾಡಿ. ಮಳೆಗಾಲ ಅಲ್ವಾ, ಮಧ್ಯಾಹ್ನ ಹೊರಗೆ ಕೆಲಸ ಕಡಿಮೆ. ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು ಆ ಮನೆಯ ಮಾತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಹೆಬ್ಬಾಗಿಲು ಯಾವ ದಿಕ್ಕಿಗಿತ್ತು, ಬಾವಿ ಎಲ್ಲಿತ್ತು, ಗದ್ದೆಗಳಿಗೆ ಏನೇನು ಹೆಸರು, ಹೊಳೆ ದಾಟುವ ಜಾಗ ಯಾವುದು, ನೆರೆಮನೆಯವರು ಆಮೇಲೆ ಯಾವ ಊರಿಗೆ ಹೋದರು. ಅವಳು ಬೇಸರ ಮಾಡಿಕೊಂಡರೆ ಅಲ್ಲಿಗೇ ನಿಲ್ಲಿಸಿ, ಬಲವಂತ ಬೇಡ. ನಾನು ಕೇಳಿಕೊಂಡು ಬರೆದಿಡುತ್ತೇನೆ. ಧಾತ್ರಿ ಆ ಮನೆಯ ಚಿತ್ರ ಬರೆಯುತ್ತೇನೆ ಅಂತ ಈಗಲೇ ಪೆನ್ಸಿಲ್ ಹಿಡಿದು ಕೂತಿದ್ದಾಳೆ.

ಡಿಸೆಂಬರಿನಲ್ಲಿ ಬರುವ ಟಿಕೆಟ್ ನೋಡುತ್ತಿದ್ದೇವೆ, ಆದ ಕೂಡಲೇ ತಿಳಿಸುತ್ತೇನೆ. ಅಮ್ಮ, ಮಂಡಿ ನೋವಿನ ಮಾತ್ರೆ ತಪ್ಪಿಸಬೇಡ.

ಇಂತಿ ನಿಮ್ಮ ಮಗಳು,
ವಿದ್ಯಾ