5 ಲಕ್ಷದ ಕಾರ್ಡು, 30 ಲಕ್ಷದ ಔಷಧಿ: ಕಿದ್ವಾಯಿಗೊಂದು ಸೆಲ್ ಲ್ಯಾಬ್ ಕೊಡಿ ಸಾರ್

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸಾರ್. ನಾನು ಚಳ್ಳಕೆರೆ ಕಡೆಯವನು. ಮೊದಲು ನಮ್ಮಕ್ಕನ ಮಗನ ವಿಷಯ ಹೇಳ್ತೀನಿ, ಆಮೇಲೆ ಕೇಳಬೇಕಾದ್ದು ಕೇಳ್ತೀನಿ, ಯಾಕಂದ್ರೆ ಅವನ ಫೈಲ್ ಹಿಡ್ಕೊಂಡು ಎರಡೂವರೆ ವರ್ಷ ಬೆಂಗಳೂರಿಗೆ ಓಡಾಡಿದ್ದಕ್ಕೇ ನನಗೆ ಈ ಕಾಯಿಲೆ ಬಗ್ಗೆ, ಇದಕ್ಕೆ ಔಷಧಿ ಹುಡುಕ್ತಾ ಇರೋರ ಬಗ್ಗೆ ಒಂದಷ್ಟು ಗೊತ್ತಾಗಿದ್ದು.

ಹುಡುಗ ಫಸ್ಟ್ ಪಿಯುಸಿ ಸೈನ್ಸ್ ಓದ್ತಿದ್ದ. ಜ್ವರ ಬಿಡ್ತಾನೇ ಇರಲಿಲ್ಲ, ವಸಡಲ್ಲಿ ರಕ್ತ, ಮೊಣಕಾಲ ಕೆಳಗೆ ಕೆಂಪು ಚುಕ್ಕೆ. ಪ್ಲೇಟ್‌ಲೆಟ್ ಇಳಿದಿದೆ, ಡೆಂಗ್ಯೂ ಇರಬೇಕು ಅಂತ ಹನ್ನೆರಡು ದಿನ ಡ್ರಿಪ್ ಹಾಕಿದ್ರು, ನಾವೂ ಪಪ್ಪಾಯ ಎಲೆ ರಸ ಕುಡಿಸಿದ್ವಿ. ಕೊನೆಗೆ ಒಬ್ರು ಡಾಕ್ಟ್ರಮ್ಮ ರಕ್ತಾನ ಮೈಕ್ರೋಸ್ಕೋಪಲ್ಲಿ ನೋಡಿ ಇವತ್ತೇ ಬಸ್ ಹತ್ತಿ ಅಂದ್ರು. ಬೋನ್ ಮ್ಯಾರೋ ಟೆಸ್ಟ್ ಆಯ್ತು, ಬಿ-ಸೆಲ್ ಎಎಲ್‌ಎಲ್, ಅಂದ್ರೆ ರಕ್ತದ ಕ್ಯಾನ್ಸರ್. ಕೀಮೋ ಆಯುಷ್ಮಾನ್ ಕಾರ್ಡಲ್ಲೇ ಆಯ್ತು, ಅದಕ್ಕೆ ಸರ್ಕಾರಕ್ಕೆ ಕೈ ಮುಗೀತೀನಿ, ಮನಸ್ಸಿಂದ ಹೇಳ್ತಿದೀನಿ. ಕೂದಲು ಮತ್ತೆ ಬಂತು, ಕಾಲೇಜಿಗೂ ಹೋದ. 2024ರ ದೀಪಾವಳಿ ಹೊತ್ತಿಗೆ ಕಾಯಿಲೆ ವಾಪಸ್ ಬಂತು.

ಆಗ ಡಾಕ್ಟ್ರು ಒಂದು ಹಾಳೆ ಮೇಲೆ ಚಿತ್ರ ಬರೆದು ಕಾರ್-ಟಿ ಸೆಲ್ ಥೆರಪಿ ಅಂದ್ರೇನು ಅಂತ ಹೇಳಿದ್ರು. ನಮ್ಮ ರಕ್ತದಲ್ಲಿ ಟಿ-ಸೆಲ್ ಅಂತ ಇರ್ತಾವೆ, ಹೊರಗಿಂದ ಬಂದ ರೋಗಾನ ಹಿಡಿದು ಹೊಡೆಯೋ ಕಾವಲುಗಾರರು. ಆದ್ರೆ ಕ್ಯಾನ್ಸರ್ ಹೊರಗಿಂದ ಬಂದಿದ್ದಲ್ವಲ್ಲ, ಮನೆಯವನೇ ಕದಿಯೋಕೆ ಬಂದ್ರೆ ನಾಯಿ ಬೊಗಳಲ್ಲ, ಹಂಗೆ ಟಿ-ಸೆಲ್ಲಿಗೆ ಅದರ ಗುರುತೇ ಸಿಗಲ್ಲ. ಈ ಥೆರಪಿಲಿ ಏನ್ಮಾಡ್ತಾರೆ ಅಂದ್ರೆ ರೋಗಿ ಮೈಯಿಂದ ಮೆಷಿನ್ ಮೂಲಕ ಟಿ-ಸೆಲ್ ಬೇರೆ ಮಾಡ್ಕೊಂಡು, ಲ್ಯಾಬಲ್ಲಿ ರೋಗ ತರದ ಹಾಗೆ ಮಾಡಿದ ಒಂದು ವೈರಸ್ ಬಳಸಿ ಅದರೊಳಗೆ ಹೊಸ ಜೀನ್ ಸೇರಿಸ್ತಾರೆ, ಆಗ ಅದಕ್ಕೆ ಕ್ಯಾನ್ಸರ್ ಆಗಿರೋ ಬಿ-ಸೆಲ್ (ಅದೂ ರಕ್ತದ ಒಂದು ಬಗೆ ಕಣ) ಮೇಲಿರೋ ಸಿಡಿ19 ಅನ್ನೋ ಗುರುತು ಕಾಣೋಕೆ ಶುರುವಾಗುತ್ತೆ, ಅಂಥವನ್ನ ಕೋಟಿಗಟ್ಟಲೆ ಬೆಳೆಸಿ ವಾಪಸ್ ಅದೇ ರೋಗಿಗೆ ಹಾಕ್ತಾರೆ, ಸಾಮಾನ್ಯವಾಗಿ ಒಂದೇ ಸಲ. ಒಬ್ಬನ ಸೆಲ್ಲಿಂದ ಮಾಡಿದ್ದು ಅವನಿಗೆ ಮಾತ್ರ, ಇನ್ನೊಬ್ಬರಿಗೆ ಆಗಲ್ಲ. ಅದಕ್ಕೇ ಅಷ್ಟು ದುಬಾರಿ. ಅಮೆರಿಕದಲ್ಲಿ 2017ರಲ್ಲಿ ಮೊದಲ ಕಾರ್-ಟಿಗೆ ಅನುಮತಿ ಸಿಕ್ಕಾಗ ಬೆಲೆ 4,75,000 ಡಾಲರ್ ಇತ್ತು, ಈಗಿನ ಲೆಕ್ಕದಲ್ಲಿ ನಾಲ್ಕು ಕೋಟಿ ಹತ್ತಿರ.

ನಮ್ಮ ದೇಶದಲ್ಲೇ ಮಾಡಿದ್ದು ಇದೆ ಅಂತಾನೂ ಅವರೇ ಹೇಳಿದ್ರು. ಐಐಟಿ ಬಾಂಬೆಯ ಪ್ರೊಫೆಸರ್ ರಾಹುಲ್ ಪುರ್ವಾರ್ ಅಂತ, ಟಿ-ಸೆಲ್ ಮೇಲೇ ಕೆಲಸ ಮಾಡ್ಕೊಂಡು ಬಂದವರು, ಟಾಟಾ ಮೆಮೋರಿಯಲ್ ಡಾಕ್ಟ್ರುಗಳ ಜೊತೆ ಸೇರಿ ನೆಕ್ಸ್‌ಕಾರ್19 ಅನ್ನೋ ಕಾರ್-ಟಿ ಮಾಡಿದ್ರು. 2021ರ ಜೂನ್ 4ಕ್ಕೆ ಮುಂಬೈನ ಟಾಟಾ ಸೆಂಟರಲ್ಲಿ ಮೊದಲ ರೋಗಿಗೆ ಹಾಕಿದ್ರು, ಟ್ರಯಲ್‌ಗೆ ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ಕಡೆಯಿಂದ 19.15 ಕೋಟಿ ಬಂತು, 2023ರ ಅಕ್ಟೋಬರಲ್ಲಿ ಅನುಮತಿ ಸಿಕ್ತು, 2024ರ ಏಪ್ರಿಲಲ್ಲಿ ರಾಷ್ಟ್ರಪತಿಗಳೇ ಬಿಡುಗಡೆ ಮಾಡಿದ್ರು. 64 ಜನರ ಟ್ರಯಲ್ ರಿಸಲ್ಟ್ ಆಮೇಲೆ ಲ್ಯಾನ್ಸೆಟ್ ಹೆಮಟಾಲಜಿ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂತು, ಲೆಕ್ಕಕ್ಕೆ ಸಿಕ್ಕವರಲ್ಲಿ ನೂರಕ್ಕೆ 73 ಜನರಿಗೆ ಔಷಧಿ ಕೆಲಸ ಮಾಡಿದೆ, ಅದೂ ಬೇರೆ ದಾರಿಗಳೆಲ್ಲ ಹೆಚ್ಚುಕಮ್ಮಿ ಮುಗಿದಿದ್ದವರಲ್ಲಿ. ಎಲ್ಲರೂ ಪೂರ್ತಿ ವಾಸಿಯಾದ್ರು ಅಂತಲ್ಲ, ಕೆಲವರಿಗೆ ಮತ್ತೆ ಬಂದಿದೆ, ಅದು ನನಗೆ ಗೊತ್ತು.

15 ವರ್ಷ ದಾಟಿದವರಿಗೆ ಅನುಮತಿ ಇತ್ತು, ನಮ್ಮ ಹುಡುಗನಿಗೆ 18. ಸಿಡಿ19 ಕೂಡ ಪಾಸಿಟಿವ್. ಎಲ್ಲಾ ಹೊಂದ್ತಿತ್ತು. ಖರ್ಚು 30 ಲಕ್ಷದ ಮೇಲೆ ಅಂದ್ರು, ಕಾರ್ಡಲ್ಲಿ ಇರೋದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ನಮ್ಮ ಭಾವ ಎಪಿಎಂಸಿಲಿ ಹಮಾಲಿ. ಎರಡೆಕರೆ ಶೇಂಗಾ ಹೊಲ ಮಾರೋಕೆ ಇಟ್ರು, ಕಾಲೇಜಿನ ಮಕ್ಕಳು ಡಬ್ಬಿ ಹಿಡಿದು ದುಡ್ಡು ಎತ್ತಿದ್ರು, ವಾಟ್ಸಾಪಲ್ಲಿ ಅವನ ಫೋಟೋ ಓಡಾಡ್ತು. ಏನೇ ಮಾಡಿದ್ರೂ 9 ಲಕ್ಷ ದಾಟಲಿಲ್ಲ. ಯುಗಾದಿಗೆ ಇನ್ನೂ ಎಂಟು ದಿನ ಇದ್ದಂಗೆ ಹೋಗ್ಬಿಟ್ಟ.

ಸಾರ್, ಈಗ ನಾನು ಈ ಪತ್ರ ಬರೆಯೋಕೆ ಕಾರಣ ಆದ ವಿಷಯ. ಅವನು ಹೋದ ಮೇಲೆ ನನಗೆ ನಿದ್ದೆ ಬರ್ತಿರಲಿಲ್ಲ, ರಾತ್ರಿಯೆಲ್ಲಾ ಫೋನಲ್ಲಿ ಇದನ್ನೇ ಓದ್ತಿದ್ದೆ. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಹಾಸ್ಪಿಟಲ್ ಕ್ಲಿನಿಕ್ ಅಂತ ಒಂದು ಸರ್ಕಾರಿ ವ್ಯವಸ್ಥೆಯ ಆಸ್ಪತ್ರೆ. ಅಲ್ಲಿ ಅರಿ ಅನ್ನೋ ಹುಡುಗಿಗೆ ಲ್ಯುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್, ಮತ್ತೆ ಮತ್ತೆ ಮರುಕಳಿಸಿ 18ನೇ ವಯಸ್ಸಿಗೆ ತೀರ್ಕೊಂಡ್ಲು, ನಮ್ಮ ಹುಡುಗನ ವಯಸ್ಸೇ. ಆಮೇಲೆ ಅವಳ ತಾಯಿ ಮುಂದೆ ನಿಂತು ಜನರಿಂದ ದುಡ್ಡು ಎತ್ತಿದ್ರು, ಆಸ್ಪತ್ರೆಯ ಇಮ್ಯುನಾಲಜಿ (ಮೈಯ ರೋಗ ನಿರೋಧಕ ಶಕ್ತಿ ಬಗ್ಗೆ ಓದೋ) ವಿಭಾಗದ ಮುಖ್ಯಸ್ಥರು ಮಾನೆಲ್ ಹುವಾನ್ ಮತ್ತೆ ಅಲ್ಲಿನ ರಕ್ತರೋಗದ ಡಾಕ್ಟ್ರುಗಳು ಯಾವ ದೊಡ್ಡ ಕಂಪನಿಗೂ ಕಾಯದೆ ಆಸ್ಪತ್ರೆ ಒಳಗೇ ಕಾರ್-ಟಿ ತಯಾರು ಮಾಡಿದ್ರು, ಅದಕ್ಕೆ ಆ ಹುಡುಗಿ ಹೆಸರನ್ನೇ ಇಟ್ರು, ಅರಿ-0001. 2021ರಲ್ಲಿ ಸ್ಪೇನ್ ಸರ್ಕಾರದ ಔಷಧ ಸಂಸ್ಥೆ ಅನುಮತಿ ಕೊಡ್ತು, ಕಂಪನಿಗಳ ಬೆಲೆಗಿಂತ ಎಷ್ಟೋ ಕಮ್ಮಿಗೆ ಅಲ್ಲಿನ ಜನಕ್ಕೆ ಸಿಗ್ತಿದೆ.

ಅದೇ ತಂತ್ರಜ್ಞಾನ ಎಲ್ಲಿಗೆ ಬಂದಿದೆ ಗೊತ್ತಾ ಸಾರ್, ಬೆಂಗಳೂರಿಗೇ ಬಂದಿದೆ. ಇಮ್ಯುನೀಲ್ ಅನ್ನೋ ಕಂಪನಿ ಅದನ್ನ ತಂದು ಇಲ್ಲೇ ಟ್ರಯಲ್ ಮಾಡಿ 2025ರ ಜನವರಿಲಿ ಕಾರ್ಟೆಮಿ ಅನ್ನೋ ಹೆಸರಲ್ಲಿ ಲಿಂಫೋಮಾ ಅನ್ನೋ ಇನ್ನೊಂದು ರಕ್ತದ ಕ್ಯಾನ್ಸರ್‌ನ ಒಂದು ಬಗೆಗೆ ಬಿಡುಗಡೆ ಮಾಡಿದೆ. ಒಳ್ಳೇ ಕೆಲಸ, ನನಗೆ ಅವರ ಮೇಲೆ ಏನೂ ಬೇಜಾರಿಲ್ಲ. ಆದ್ರೆ ಬಾರ್ಸಿಲೋನಾದಲ್ಲಿ ಅದನ್ನ ಮಾಡಿದ್ದು ಜನರ ದುಡ್ಡಲ್ಲಿ ನಡೆಯೋ ಆಸ್ಪತ್ರೆ, ನಮ್ಮ ರಾಜ್ಯದಲ್ಲಿ ಅಂಥ ಆಸ್ಪತ್ರೆ ಅಂದ್ರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. 1973ರಿಂದ ಇದೆ, ನಿಮ್ಮ ಇಲಾಖೆ ಕೆಳಗೇ ಬರುತ್ತೆ. ಬೀದರ್‌ನಿಂದ ಚಾಮರಾಜನಗರದವರೆಗೂ ದುಡ್ಡಿಲ್ಲದ ಕ್ಯಾನ್ಸರ್ ರೋಗಿ ಕೊನೆಗೆ ಹೋಗೋದು ಅಲ್ಲಿಗೇ.

ನಾನು ಕೇಳ್ತಿರೋದು ಇದೇ, ಕಿದ್ವಾಯಿ ಒಳಗೆ ಕಾರ್-ಟಿ ತಯಾರಿಸೋ ಸೆಲ್ ಲ್ಯಾಬ್ ಮಾಡಿ. ಆಗದ ಮಾತಲ್ಲ, ರಾತ್ರಿ ಬಸ್ ಹತ್ತಿದ್ರೆ ಬೆಳಿಗ್ಗೆ ಸಿಗೋ ವೆಲ್ಲೂರಿನ ಸಿಎಂಸಿಲಿ ಆಸ್ಪತ್ರೆ ಒಳಗೇ ಸುಮಾರು ಒಂಬತ್ತು ದಿನದಲ್ಲಿ ಸೆಲ್ ತಯಾರು ಮಾಡಿ ರೋಗಿಗಳಿಗೆ ಹಾಕಿ ಟ್ರಯಲ್ ಮಾಡಿದ್ದಾರೆ. ಕಿದ್ವಾಯಿಲಿ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಯೂನಿಟ್ ಇದೆ, ಅದೇ ಊರಲ್ಲಿ ಐಐಎಸ್‌ಸಿ, ಎನ್‌ಸಿಬಿಎಸ್ ಅಂಥ ದೊಡ್ಡ ವಿಜ್ಞಾನ ಸಂಸ್ಥೆಗಳಿವೆ, ಸೆಲ್ ಜೊತೆ ಕೆಲಸ ಮಾಡೋ ಹುಡುಗ ಹುಡುಗಿಯರು ಅಲ್ಲಿ ಓದು ಮುಗಿಸಿ ಫಾರಿನ್ನಿಗೆ ಹೋಗ್ತಿದ್ದಾರೆ. ಅವರಿಗೆ ಇಲ್ಲಿ ಪರ್ಮನೆಂಟ್ ಪೋಸ್ಟ್ ಬೇಕು ಸಾರ್, ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟಿಗೆ ಇಂಥ ಲ್ಯಾಬ್ ನಡೆಯಲ್ಲ. ಬಿಲ್ಡಿಂಗ್ ಉದ್ಘಾಟನೆ ಆಗಿ ಒಳಗೆ ಇಮ್ಯುನಾಲಜಿ ಬಲ್ಲವರು ಇಲ್ಲದಿದ್ರೆ ಮೆಷಿನ್ ಮೇಲೆ ಧೂಳು ಕೂರುತ್ತೆ ಅಷ್ಟೆ.

ಲ್ಯಾಬ್ ಆಗೋಕೆ ವರ್ಷಗಳು ಹಿಡೀಬಹುದು. ಅಲ್ಲಿವರೆಗೆ ಈ ಟ್ರೀಟ್‌ಮೆಂಟಿಗೆ ಹೊಂದೋ ರೋಗಿ ಬಂದ್ರೆ 5 ಲಕ್ಷದ ಮೇಲೆ ಬೇಕಾಗೋದನ್ನ ಸರ್ಕಾರ ಕೊಡೋ ಹಾಗೆ ಒಂದು ನಿಧಿ ಇಡಿ. ಅದ್ರಲ್ಲಿ ಸೆಲ್ ಖರ್ಚು ಮಾತ್ರ ಲೆಕ್ಕ ಹಾಕ್ಬೇಡಿ. ಸೆಲ್ ಹಾಕಿದ ಮೇಲೆ ಕೆಲವರಿಗೆ ಜೋರು ಜ್ವರ ಬಂದು ಬಿಪಿ ಬಿದ್ದು ಐಸಿಯು ಬೇಕಾಗುತ್ತೆ, ಅದನ್ನ ತಡೆಯೋ ಟೊಸಿಲಿಜುಮ್ಯಾಬ್ ಅನ್ನೋ ಇಂಜೆಕ್ಷನ್ ಬೇಕಾಗುತ್ತೆ, ಒಳ್ಳೇ ಬಿ-ಸೆಲ್ಲೂ ಹೋಗಿಬಿಡೋದ್ರಿಂದ ಕೆಲವರಿಗೆ ತಿಂಗಳುಗಟ್ಟಲೆ ಇಮ್ಯುನೋಗ್ಲೋಬ್ಯುಲಿನ್, ಅಂದ್ರೆ ಸೋಂಕು ತಡೆಯೋ ಪ್ರೋಟೀನ್, ಹೊರಗಿಂದ ಕೊಡ್ಬೇಕಾಗುತ್ತೆ. ಇದೆಲ್ಲಾ ಸೇರಿಸಿ ಕೊಟ್ರೆ ಮಾತ್ರ ಮನೆಯವರು ಉಸಿರಾಡ್ತಾರೆ. ಹಾಗೇ ಜಿಲ್ಲಾಸ್ಪತ್ರೆಗಳಲ್ಲಿ ಪ್ಲೇಟ್‌ಲೆಟ್ ಇಳಿದು ಜ್ವರ ಬಿಡದ ಹುಡುಗ ಬಂದ್ರೆ ಡೆಂಗ್ಯೂ ಅಂತ ಬರೆಯೋ ಮೊದಲು ಒಂದು ಬ್ಲಡ್ ಸ್ಮಿಯರ್, ಅಂದ್ರೆ ಗಾಜಿನ ಮೇಲೆ ಸವರಿದ ರಕ್ತಾನ ಮೈಕ್ರೋಸ್ಕೋಪಲ್ಲಿ, ನೋಡ್ಲೇಬೇಕು ಅಂತ ಆರ್ಡರ್ ಮಾಡಿ, ಅದಕ್ಕೆ ಕೋಟಿ ಬೇಕಾಗಿಲ್ಲ, ಒಂದು ಗಾಜಿನ ಪಟ್ಟಿ, ನೋಡೋಕೆ ಗೊತ್ತಿರೋ ಒಬ್ರು ಸಾಕು.

ನಮ್ಮಕ್ಕ ಅವನ ಫೈಲನ್ನ ಇನ್ನೂ ಟ್ರಂಕಲ್ಲಿ ಇಟ್ಕೊಂಡಿದ್ದಾಳೆ, ಡಾಕ್ಟ್ರು ಚಿತ್ರ ಬರೆದ ಹಾಳೆನೂ ಅದ್ರಲ್ಲೇ ಇದೆ. ಬಾರ್ಸಿಲೋನಾದ ಆ ತಾಯಿ ವಿಷಯ ನಾನು ಅವಳಿಗೆ ಓದಿ ಹೇಳ್ದೆ. ಸುಮಾರು ಹೊತ್ತು ಸುಮ್ಮನಿದ್ದು ಆಮೇಲೆ, ಉಳಿದಿರೋ ಆ 9 ಲಕ್ಷಾನ ಯಾರಿಗೆ ಕೊಡ್ಬೇಕು ಅಂತ ಕೇಳಿದ್ಲು. ಬ್ಯಾಂಕಲ್ಲಿ ಹಂಗೇ ಇದೆ ಸಾರ್, ಮುಟ್ಟಿಲ್ಲ. ಕಿದ್ವಾಯಿಲಿ ಲ್ಯಾಬಿಗೆ ಅಂತ ಒಂದು ಖಾತೆ ತೆರೆದ್ರೆ ಮೊದಲ ದುಡ್ಡು ನಾವೇ ಕಟ್ತೀವಿ. ವಿಧಾನಸೌಧಕ್ಕೆ ಬನ್ನಿ ಅಂದ್ರೆ ಫೈಲ್ ತಗೊಂಡು ಇಬ್ರೂ ಬರ್ತೀವಿ.

ಇಂತಿ,
ಚಳ್ಳಕೆರೆ ತಾಲ್ಲೂಕಿನ ಒಬ್ಬ ಸೋದರಮಾವ